ಹತ್ತಿಮತ್ತೂರು ರಸ್ತೆಯ ಮೂರು ಬಲ್ಬುಗಳು

ಒದ್ದೆ ಗೋಣಿತಟ್ಟಿಗೆ ಒಂದು ವಾಸನೆ ಇದೆ. ಅದರೊಳಗೆ ವೀಳ್ಯದೆಲೆ ಸುತ್ತಿಟ್ಟಿದ್ದರೆ ಆ ವಾಸನೆ ಬೇರೆಯೇ ಆಗುತ್ತದೆ. ಸ್ವಲ್ಪ ಮಣ್ಣು, ಸ್ವಲ್ಪ ನಾರು, ಮೇಲೆ ಸೀದಾ ಮೂಗಿಗೆ ಏರುವ ಹಸಿ ಖಾರ. ಕಳೆದ ತಿಂಗಳು ಹಿರೇಕೆರೂರಿನ ಒಂದು ಮದುವೆಗೆ ಹೊರಟವಳು, ದಾರಿ ಸುತ್ತಾದರೂ ಪರವಾಗಿಲ್ಲ ಎಂದು ಸವಣೂರಿನ ಕಡೆ ಕಾರು ತಿರುಗಿಸಿದ್ದೆ. ಹತ್ತಿಮತ್ತೂರು ರಸ್ತೆಯಲ್ಲಿ ನಿಲ್ಲಿಸಿ ಬಾಗಿಲು ತೆಗೆದೆನೋ ಇಲ್ಲವೋ, ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಜಿಟಿಜಿಟಿ ಮಳೆ. ಒಂದು ನಿಮಿಷ ಸುಮ್ಮನೆ ಸೀಟಿನಲ್ಲೇ ಕೂತೆ. ಕಣ್ಣು ತುಂಬಿ ಬಂತು ಅಂತ ಹೇಳಿದರೆ ನನ್ನನ್ನು ಬಲ್ಲವರು ನಗುತ್ತಾರೆ, ಆದರೆ ಬಂದದ್ದು ನಿಜ.

ಹಲವು ವರ್ಷಗಳ ಹಿಂದೆ, ಆರಿದ್ರಾ ಮಳೆಗೆ ಸರಿಯಾಗಿ ನನ್ನನ್ನು ಆ ಕಡೆಗೆ ಹಾಕಿದ್ದರು. ರಸ್ತೆ ಬದಿಯಲ್ಲಿ ವಿದ್ಯುತ್ ವಾಹನಗಳಿಗೆ ಚಾರ್ಜಿಂಗ್ ಯಂತ್ರ ಕೂರಿಸುವ ಒಂದು ಕಂಪನಿಯಲ್ಲಿ ಆಗ ನನ್ನ ನೌಕರಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳಲ್ಲಿ ಹೊಸದಾಗಿ ಒಂದೊಂದು ಯಂತ್ರ ನಿಲ್ಲಿಸಿದ್ದರು. ಅವುಗಳ ಕ್ಷೇಮ ಸಮಾಚಾರ ನೋಡಿಕೊಳ್ಳುವುದು ನನ್ನ ಕೆಲಸ. ನಾನು ತುಮಕೂರಿನವಳು. ಮೂಗಿನ ತುದಿಯಲ್ಲೇ ಕೋಪ. ನನ್ನ ಮಾತು ಕೇಳಿ ಅಲ್ಲಿನವರು, "ಮೇಡಮ್ಮಾರ, ನೀವು ಸಿಟ್ಟಿಗೆದ್ರೂ ಪುಸ್ತಕ ಓದಿದಂಗ ಕೇಳತೈತ್ರಿ" ಎಂದು ಕಿಚಾಯಿಸುತ್ತಿದ್ದರು. ಸಿಟ್ಟು ಇನ್ನೂ ಏರುತ್ತಿತ್ತು.

ಶಿಗ್ಗಾಂವಿಯಲ್ಲಿ ಒಂದು ಕೋಣೆ, ಓಡಾಡಲು ಕಂಪನಿಯ ಒಂದು ವಿದ್ಯುತ್ ಸ್ಕೂಟರ್. ದೂರದ ಹಿರೇಕೆರೂರಿಗೆ ಮಾತ್ರ ಬಸ್ಸು. ಬೆಂಗಳೂರಿನ ಕಚೇರಿಯಲ್ಲಿ ಕೂತಾಗ ಈ ಊರುಗಳಲ್ಲಿ ಯಾರಿಗೆ ಬೇಕಪ್ಪಾ ಇದೆಲ್ಲ ಎಂದುಕೊಂಡಿದ್ದೆ. ಬಂದು ನೋಡಿದರೆ ನನ್ನ ಲೆಕ್ಕಾಚಾರ ತಲೆಕೆಳಗು. ಹಾನಗಲ್ಲಿನಲ್ಲಿ ಆನಿಕೆರೆಯ ದಂಡೆಯ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಸದ್ದಿಲ್ಲದೆ ಬರುವ ಸ್ಕೂಟರುಗಳು. ಎಮ್ಮೆಗಳು ಅವಕ್ಕೆ ದಾರಿ ಬಿಡುವುದಿಲ್ಲ, ಯಾಕೆಂದರೆ ಹಿಂದೆ ಗಾಡಿ ಬಂದದ್ದು ಅವಕ್ಕೆ ಗೊತ್ತೇ ಆಗುವುದಿಲ್ಲ. ಚಿಕ್ಕೇರೂರಿನ ಕಡೆ ಬೀಜದ ಹೊಲಗಳಿಗೆ ಹೂವಿನ ಪರಾಗ ಮುಟ್ಟಿಸುವ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಬ್ಯಾಟರಿ ಆಟೋದಲ್ಲಿ ಒತ್ತಿಕೊಂಡು ಕೂತು ಹಾಡು ಹೇಳಿಕೊಂಡು ಹೋಗುತ್ತಿದ್ದರು. ಎಂಜಿನ್ ಸದ್ದಿಲ್ಲದ್ದರಿಂದ ಹಾಡು ರಸ್ತೆಯ ಉದ್ದಕ್ಕೂ ಕೇಳುತ್ತಿತ್ತು. ಹಿರೇಕೆರೂರಿನಲ್ಲಿ ಪಾಠ ಹೇಳುವ ಒಬ್ಬ ಅಕ್ಕೋರು ಶಾಲೆಗೆ ಸ್ಕೂಟರಿನಲ್ಲಿ ಬಂದು ಇಳಿದರೆ ಮಕ್ಕಳಿಗೆ ಸುಳಿವೇ ಸಿಗದೆ ಗಲಾಟೆ ಮಾಡುವಾಗಲೇ ಸಿಕ್ಕಿಬೀಳುತ್ತಿದ್ದರು. ಯಾರೂ ಇವರಿಗೆ ಪರಿಸರದ ಭಾಷಣ ಮಾಡಿರಲಿಲ್ಲ. ಗಾಡಿ ನೋಡಿದರು, ಪಕ್ಕದ ಮನೆಯವರನ್ನು ಕೇಳಿದರು, ತಂದರು. ನನಗೆ ಆ ಊರುಗಳ ಮೇಲೆ ಮೊದಲು ಹುಟ್ಟಿದ್ದು ಅಚ್ಚರಿ, ಆಮೇಲೆ ಗೌರವ.

ಸವಣೂರು ಮಾತ್ರ ತಲೆ ತಿನ್ನುತ್ತಿತ್ತು. ಅಲ್ಲಿ ನಮ್ಮ ಯಂತ್ರ ಊರ ಹೊರಗೆ, ಹತ್ತಿಮತ್ತೂರು ರಸ್ತೆಯ ಮೇಲೆ, ಒಂದು ಚಹಾದಂಗಡಿಯ ಎದುರಿಗೆ ಇತ್ತು. ಊರವರು ಅದಕ್ಕೆ 'ಕರೆಂಟ್ ಬಂಕ್' ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಹೋದರೆ ಜಾತ್ರೆ. ಸ್ಕೂಟರು, ಆಟೋ, ಮಾಲು ಸಾಗಿಸುವ ಮೂರು ಗಾಲಿಯ ಗಾಡಿ, ಎಲ್ಲ ಒಂದರ ಬೆನ್ನಿಗೆ ಒಂದು. ಪಾಳಿಗಾಗಿ ಜಗಳ, ಕೈ ಕೈ ಮಿಲಾಯಿಸುವ ತನಕ. ಬೇಸತ್ತವರು ಚಾರ್ಜ್ ಮಾಡದೆ ಮನೆಗೆ ಹೋಗುತ್ತಿದ್ದರು. ಮಧ್ಯಾಹ್ನ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಯಂತ್ರದ ನೆರಳಿನಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿರುತ್ತಿತ್ತು, ಸಂಜೆಯ ತನಕ ಅದನ್ನು ಎಬ್ಬಿಸುವವರಿರಲಿಲ್ಲ.

"ಮಧ್ಯಾಹ್ನ ಬನ್ನಿ, ಪಾಳಿ ಇರಲ್ಲ" ಎಂದು ನಾನು ಕಂಡಕಂಡವರಿಗೆ ಹೇಳಿದೆ. "ಆತ್ರಿ, ಬರ್ತೇವ್ರಿ" ಎಂದು ತಲೆಯಾಡಿಸಿದರು. ಮರುದಿನ ಮತ್ತೆ ಬೆಳಿಗ್ಗೆಯೇ ಹಾಜರು. ಇಪ್ಪತ್ನಾಲ್ಕು ತಾಸು ಸೇವೆ ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿ ಹಾಕಿದೆ. ಸಂಜೆಗೇ ಬಾಗಿಲು ಹಾಕುವ ಔಷಧಿ ಅಂಗಡಿಗಳ ಮೇಲೂ ಅಂಥದೇ ಬೋರ್ಡು ಇತ್ತು, ಹಾಗಾಗಿ ನನ್ನದನ್ನೂ ಜನ ಅದೇ ಗೌರವದಿಂದ ನೋಡಿದರು.

ಆಗ ಬೆಂಗಳೂರಿನಿಂದ ಫೋನು ಬಂತು. ಸವಣೂರಿನ ಯಂತ್ರ ದಿನದ ಮುಕ್ಕಾಲು ಹೊತ್ತು ಖಾಲಿ ನಿಲ್ಲುತ್ತಿದೆ, ಮಳೆಗಾಲ ಮುಗಿಯುವುದರೊಳಗೆ ಸರಿಹೋಗದಿದ್ದರೆ ಅದನ್ನು ಕಿತ್ತು ಶಿಗ್ಗಾಂವಿಯ ಹೆದ್ದಾರಿ ಬದಿಗೆ ಹಾಕುತ್ತೇವೆ, ಅಲ್ಲಿ ಕಾರುಗಳಾದರೂ ಬರುತ್ತವೆ ಎಂದರು. ನನಗೇನು, ಹೆದ್ದಾರಿಯ ಯಂತ್ರ ನೋಡಿಕೊಳ್ಳುವುದು ಇನ್ನೂ ಸುಲಭ. ಹಾಗೆಂದುಕೊಂಡು ಚಹಾದಂಗಡಿಗೆ ಬಂದು ಈ ಸುದ್ದಿ ಹೇಳಿದಾಗ ಬೆಂಚಿನ ಮೇಲೆ ಕೂತಿದ್ದ ಮೆಹಬೂಬಿ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟಳು.

ಮೆಹಬೂಬಿಯ ಬಗ್ಗೆ ಹೇಳಬೇಕು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಓಣಿಯ ಮಕ್ಕಳು ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗಂಡ ಎಲೆ ಜೋಡಿಸಿ ಪೆಂಡಿ ಕಟ್ಟುವ ಕೆಲಸದವನು. ಇವಳು ತೋಟದಿಂದ ತೋಟಕ್ಕೆ ಹೋಗಿ ವೀಳ್ಯದೆಲೆಯ ಬುಟ್ಟಿಗಳನ್ನು ತನ್ನ ಬ್ಯಾಟರಿ ಗಾಡಿಯಲ್ಲಿ ಹೇರಿಕೊಂಡು ಸಂಜೆಯ ರೈಲಿಗೆ ಯಲವಿಗಿ ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದಳು. ಸವಣೂರಿನ ಎಲೆ ತೆಳು, ಬೇಗ ಬಾಡುತ್ತದೆ. ರೈಲು ತಪ್ಪಿದರೆ ಮುಗಿಯಿತು. ಆ ಗಾಡಿ ಅವಳದೇ ಸ್ವಂತದ್ದು, ತವರಿನ ಎರಡು ಬಳೆ ಅದರೊಳಗೆ ಕರಗಿದ್ದವು. ಮುಂದಿನ ಗಾಜಿನ ಮೇಲೆ ಒಂದು ಮಣಿಸರ ತೂಗುಹಾಕಿ, ಸೀಟಿಗೆ ಹೂವಿನ ಬಟ್ಟೆ ಹೊಲಿಸಿ, ಅದನ್ನು ಮದುಮಗಳಂತೆ ಇಟ್ಟುಕೊಂಡಿದ್ದಳು.

"ಮಶೀನ್ ಒಯ್ದ್ರ ನನ್ನ ಗಾಡಿ ಎಲ್ಲಿ ಚಾರ್ಜಿಗೆ ಹಚ್ಚಲ್ರಿ ಮೇಡಮ್ಮಾರ?" ಎಂದಳು. "ನಮ್ಮ ಓಣ್ಯಾಗ ಎರಡ ಮಂದಿ ಎದುರಾಬದರ ಬಂದ್ರ ಒಬ್ಬರು ಗ್ವಾಡಿಗೆ ಅಂಟಗೊಂಡು ನಿಲ್ಲಬೇಕು. ಅಲ್ಲಿಗೆ ಗಾಡಿ ಹ್ಯಾಂಗ ಬರತೈತಿ? ಶಿಗ್ಗಾಂವಿಗೆ ಹೋಗಿ ಚಾರ್ಜ್ ಮಾಡಿ ಬರೂದ್ರಾಗ ಚಾರ್ಜ್ ಅರ್ಧ ಮುಗದಿರತೈತಿ."

"ಹಾಗಿದ್ದರೆ ಮಧ್ಯಾಹ್ನ ಬಂದು ಹಚ್ಚು ಆಪಾ. ಬೆಳಿಗ್ಗೆ ಪಾಳಿಯಲ್ಲಿ ಯಾಕೆ ಸಾಯ್ತೀಯ?"

ಅವಳು ನನ್ನನ್ನು ಒಂದು ಥರ ನೋಡಿದಳು. ಏನೋ ಹೇಳಬೇಕೆಂದು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡಳು. "ನೋಡ್ತೇನ್ರಿ" ಎಂದು ಎದ್ದು ಹೋದಳು. ಅವಳ ಗಾಡಿ ಸದ್ದಿಲ್ಲದೆ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತೆ. ಹೆದ್ದಾರಿಯ ಸುಲಭ ನನಗೆ ಆಗಲೇ ಬೇಡವಾಗಿತ್ತು.

ಗುಟ್ಟು ರಟ್ಟಾದದ್ದು ಪುಷ್ಯ ಮಳೆಯಲ್ಲಿ, ಹತ್ತಿಮತ್ತೂರಿನ ಒಂದು ಹೊಲದಲ್ಲಿ. ಬೆಳಗಿನ ಪಾಳಿಯಲ್ಲಿ ದಿನಾ ಕಾಣುತ್ತಿದ್ದ ಶಿವಲೀಲಾ ಎಂಬ ಹುಡುಗಿ, ಮದುವೆಯಾಗಿ ಎರಡು ವರ್ಷವೂ ಆಗಿರದ ಸೊಸೆ, ನನ್ನನ್ನು ಊಟಕ್ಕೆ ಕರೆದಿದ್ದಳು. ಖಡಕ್ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ. ಉಂಡ ಮೇಲೆ ಹೊಲ ತೋರಿಸಲು ಕರೆದುಕೊಂಡು ಹೋದಳು. ಕೊಳವೆ ಬಾವಿಯ ಪಕ್ಕ ತಗಡಿನ ಪೆಟ್ಟಿಗೆ. ಅದರ ಮೇಲೆ ಹಲಗೆಯೊಂದಕ್ಕೆ ಮೂರು ಬಲ್ಬು ಸಾಲಾಗಿ ಕೂರಿಸಿದ್ದರು. ಒಂದು ಮಾತ್ರ ಉರಿಯುತ್ತಿತ್ತು.

"ಇದ್ಯಾಕೆ ಮೂರು ಬಲ್ಬು?" ಎಂದೆ.

"ತ್ರೀಫೇಸ್ ನೋಡಾಕ್ರಿ. ಮೂರೂ ಹತ್ತಿದ್ರ ಮೋಟರ್ ಚಾಲೂ ಮಾಡಬೇಕು. ಒಂದ ಹೋದ್ರೂ ಮುಟ್ಟಂಗಿಲ್ಲ. ಮುಟ್ಟಿದ್ರ ಮೋಟರ್ ಸುಟ್ಟ ಹೋಗತೈತಿ." ಮದುವೆಯಾದ ಮೊದಲ ವಾರವೇ ಮಾವ ಇದನ್ನು ಕಲಿಸಿದ್ದನಂತೆ. "ಈಗ ನಮ್ಮ ಕಡೆ ಮುಂಜಾನೆ ಅಷ್ಟ ತ್ರೀಫೇಸ್ ಕೊಡಾಕತ್ತಾರ್ರಿ. ಮಳಿ ಐತಿ, ನೀರ ಹಾಯ್ಸೂದಿಲ್ಲ. ಅದಕ್ಕ ಆ ಹೊತ್ತಿನ್ಯಾಗ ಗಾಡಿ ಹಚ್ಚಾಕ ಬರ್ತೇವಿ."

ನಾನು ನಿಂತಲ್ಲೇ ನಿಂತೆ. "ಗಾಡಿ ಹಚ್ಚೋಕೆ ತ್ರೀಫೇಸ್ ಯಾಕೆ?"

"ಹಂಗ್ಯಾಕ ಕೇಳ್ತೀರ್ರಿ? ಮಶೀನಿಗೆ ಮೂರು ಎಳಿ ಕೇಬಲ್ ಎಳದದ್ದು ಊರೆಲ್ಲಾ ನೋಡೇತಿ. ಮಗ್ಗಲಕ್ಕ ಹೊಲದ ಟೀಸಿ ಐತಿ. ಸಿಂಗಲ್ ಫೇಸ್‌ನ್ಯಾಗ ಹಚ್ಚಿದ್ರ ಬ್ಯಾಟರಿ ಸುಡೂದಿಲ್ಲೇನ್ರಿ? ಮೋಟರ್ ಸುಟ್ರ ತಂತಿ ಸುತ್ತಿಸಿ ಕೊಡಬಹುದು. ಬ್ಯಾಟರಿ ಸುಟ್ರ ಏನ್ ಮಾಡೂದು?"

ಟೀಸಿ ಎಂದರೆ ಅಲ್ಲಿಯವರ ಬಾಯಲ್ಲಿ ಟ್ರಾನ್ಸ್‌ಫಾರ್ಮರ್. ನಮ್ಮ ಯಂತ್ರದ ಪಕ್ಕದಲ್ಲಿ ಹೊಲಗಳ ಪಂಪ್‌ಸೆಟ್ಟಿನ ಹಳೆಯ ಟೀಸಿ ಇತ್ತು, ನಿಜ. ಆದರೆ ಯಂತ್ರಕ್ಕೆ ದಿನವಿಡೀ ಮೂರೂ ಫೇಸ್ ಇರುವ ಊರ ಲೈನಿನಿಂದ ಬೇರೆ ಟೀಸಿ ಕೊಟ್ಟಿದ್ದರು, ಅದು ಜಾಲಿ ಗಿಡಗಳ ಹಿಂದೆ, ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದ್ದರು. ಹೊಲದಲ್ಲಿ ಒಂದಲ್ಲ ಒಂದು ಸಲ ಮೋಟರ್ ಸುಟ್ಟುಕೊಳ್ಳದ ಮನೆಯೇ ಆ ಕಡೆ ಇಲ್ಲ. ಅಂಥವರು ತಂದ ಹೊಸ ಗಾಡಿಯನ್ನು ಹೀಗೆ ಜೋಪಾನ ಮಾಡುತ್ತಿದ್ದರು. ಇಷ್ಟು ದಿನ ನನಗ್ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದೆ. ಶಿವಲೀಲಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಮಶೀನಿನ ಮೇಡಮ್ಮಾರಿಗೆ ಕರೆಂಟ್ ಯಾವಾಗ ಬರತೈತಿ ಅಂತ ನಾವು ಹೇಳೂದೇನ್ರಿ? ಚಂದ ಕಾಣೂದಿಲ್ಲ."

ಮರುದಿನವೇ ನಾನು ಕಾರ್ಯಾಚರಣೆಗೆ ಇಳಿದೆ. ನಡುಮಧ್ಯಾಹ್ನ, ಹೊಲಗಳಲ್ಲಿ ತ್ರೀಫೇಸ್ ಇಲ್ಲದ ಹೊತ್ತಿನಲ್ಲಿ, ಚಹಾದಂಗಡಿಯವರೆಲ್ಲ ನೋಡುವಂತೆ ನನ್ನ ಸ್ಕೂಟರನ್ನು ಯಂತ್ರಕ್ಕೆ ಹಚ್ಚಿದೆ. ಪೂರ್ತಿ ಚಾರ್ಜ್ ಆಯಿತು. ಗೆದ್ದವಳ ಹಾಗೆ ತಿರುಗಿ ನೋಡಿದೆ. ಒಬ್ಬರ ಮುಖದಲ್ಲೂ ಬದಲಾವಣೆ ಇಲ್ಲ.

"ಅದು ಕಂಪನಿ ಗಾಡಿ ಐತಲ್ರಿ" ಎಂದರು ಬಸವಣ್ಣೆಪ್ಪ, ಚಹಾ ಹೀರುತ್ತಾ. "ಸುಟ್ರ ಕಂಪನಿಯವ್ರು ಇನ್ನೊಂದ ಕೊಡ್ತಾರ. ನಮಗ ಯಾರ್ ಕೊಡಬೇಕು?"

ಬಸವಣ್ಣೆಪ್ಪ ಸುಟ್ಟ ಮೋಟರಿಗೆ ತಂತಿ ಸುತ್ತಿ ಕೊಡುವ ವೈಂಡಿಂಗ್ ಅಂಗಡಿಯವರು. ಅವರ ಅಂಗಡಿಯ ಮುಂದೆ ಕರಿಬಣ್ಣಕ್ಕೆ ತಿರುಗಿದ ತಾಮ್ರದ ತಂತಿಯ ಸುರುಳಿಗಳು ರಾಶಿ ಬಿದ್ದಿರುತ್ತಿದ್ದವು. ಅರ್ಧ ಜೀವಮಾನ ಸುಟ್ಟ ವಾಸನೆಯಲ್ಲೇ ಕಳೆದ ಮನುಷ್ಯ. ಕರೆಂಟಿನ ವಿಷಯದಲ್ಲಿ ಸುತ್ತಲಿನ ಹಳ್ಳಿಗಳು ಅವರ ಮಾತನ್ನು ದಾಟುತ್ತಿರಲಿಲ್ಲ. ಅವರನ್ನು ಜಾಲಿ ಗಿಡಗಳ ಹಿಂದೆ ಕರೆದೊಯ್ದು ಬೇರೆ ಟೀಸಿ ತೋರಿಸಿದೆ. ಕತ್ತೆತ್ತಿ ತಂತಿಯ ಜಾಡು ಹಿಡಿದು ಬಹಳ ಹೊತ್ತು ನೋಡಿದರು. "ಖರೇ ಐತ್ರಿ. ಊರ ಲೈನ್ ಐತಿ" ಎಂದು ಒಪ್ಪಿದರು. ಆಮೇಲೆ ಗಡ್ಡ ಕೆರೆದುಕೊಂಡು, "ನಾ ಒಪ್ಪಿದೆ. ಮಂದಿ ಒಪ್ಪಬೇಕಲ್ರಿ. ಯಾರಾರ ಒಬ್ರು ಸ್ವಂತ ಗಾಡಿ ತಂದು ಹಚ್ಚಬೇಕು" ಎಂದರು. ಅವರದೋ ಆಗ ಪೆಟ್ರೋಲ್ ಗಾಡಿ. ಯಾರೂ ಮುಂದೆ ಬರಲಿಲ್ಲ. ಬೆಂಗಳೂರಿನವರು ಯಂತ್ರ ಕೀಳಲು ಲಾರಿ ಗೊತ್ತುಮಾಡುವ ಮಾತಾಡತೊಡಗಿದರು.

ಆಶ್ಲೇಷ ಮಳೆ ಜೋರಾಗಿ ಹಿಡಿಯಿತು. ಅಂಥ ಒಂದು ದಿನ ಮಧ್ಯಾಹ್ನ ನಾನು ಚಹಾದಂಗಡಿಯ ತಗಡಿನ ಕೆಳಗೆ ಬಸವಣ್ಣೆಪ್ಪನವರ ಜೊತೆ ನಿಂತಿದ್ದೆ. ಹತ್ತಿಮತ್ತೂರಿನ ಕಡೆಯಿಂದ ಮೆಹಬೂಬಿಯ ಗಾಡಿ ಆಮೆಯ ಹಾಗೆ ತೆವಳಿಕೊಂಡು ಬಂತು. ಹಿಂದೆ ಬುಟ್ಟಿಗಳು ಒತ್ತಾಗಿ, ಮೇಲೆ ಒದ್ದೆ ಗೋಣಿತಟ್ಟು. ತೋಟದ ದಾರಿಯ ಹಳ್ಳ ತುಂಬಿ ಹರಿಯುತ್ತಿದ್ದರಿಂದ ಊರೆಲ್ಲ ಸುತ್ತಿ, ರಾಡಿಯಲ್ಲಿ ಸಿಕ್ಕಿ, ಬ್ಯಾಟರಿ ಬಹುತೇಕ ಖಾಲಿ ಮಾಡಿಕೊಂಡು ಬಂದಿದ್ದಳು. ಯಲವಿಗಿ ಇನ್ನೂ ದೂರ. ಗಾಡಿಯಿಂದ ಇಳಿದವಳು ಮೊದಲು ನೋಡಿದ್ದು ರಸ್ತೆಯಾಚೆಯ ಹೊಲದಲ್ಲೂ ಇದ್ದ ಅಂಥದೇ ಪೆಟ್ಟಿಗೆಯ ಕಡೆ. ಮೂರರಲ್ಲಿ ಒಂದೇ ಬಲ್ಬು ಉರಿಯುತ್ತಿತ್ತು.

"ಸುಡಲ್ಲ ಆಪಾ. ನನ್ನ ಮಾತು ನಂಬು" ಎಂದೆ.

"ನಂಬ್ತೇನ್ರಿ. ಆದ್ರ ಕೈ ಬರವಲ್ದು." ಮಳೆಯಲ್ಲಿ ನೆನೆಯುತ್ತಲೇ ನಿಂತಿದ್ದಳು. "ಗಾಡಿ ಹೋದ್ರ ನಂದೆಲ್ಲಾ ಹೋತು. ರೈಲು ತಪ್ಪಿದ್ರ ತೋಟದವ್ರು ನಾಳಿಂದ ಡೀಸಲ್ ಟೆಂಪೋದಾಂವಗ ಹೇಳ್ತಾರ. ಆಂವ ಆಗಲೇ ಕಾಯಾಕತ್ತಾನ. ಮಳ್ಯಾಗ ಕೊಯ್ದ ಎಲಿ ನಾಳಿ ಮಟ ತಡಿಯೂದಿಲ್ರಿ."

ಯಂತ್ರ ನನ್ನದು, ತಂತಿಯ ಜಾಡು ನನಗೆ ಗೊತ್ತು, ಆದರೂ ಆ ಗಳಿಗೆಯಲ್ಲಿ ನನಗೂ ಹೆದರಿಕೆಯಾಯಿತು. ಅವಳ ಬಳೆಗಳ ನೆನಪಾಯಿತು.

ಮೆಹಬೂಬಿ ಬುಟ್ಟಿಯ ಮೇಲಿನ ತಟ್ಟು ಸರಿಸಿ ಎಲೆ ಮುಟ್ಟಿ ನೋಡಿದಳು. ಮತ್ತೆ ಮುಚ್ಚಿದಳು. ಬಿಸ್ಮಿಲ್ಲಾ ಎಂದು ಚಾರ್ಜಿಂಗ್ ಗನ್ ಎತ್ತಿ ಗಾಡಿಗೆ ಹಚ್ಚಿಯೇಬಿಟ್ಟಳು. ಯಂತ್ರ ಗುಂಯ್ ಎಂದಿತು. ಅವಳು ಬ್ಯಾಟರಿ ಇರುವ ಕಡೆ ಮಂಡಿಯೂರಿ ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅಂಗೈ ಇಟ್ಟುಕೊಂಡು ಕಾದಳು. ಚಹಾದಂಗಡಿಯ ಮಂದಿ ಒಬ್ಬೊಬ್ಬರಾಗಿ ಮಳೆಗೆ ಇಳಿದು ಬಂದು ಸುತ್ತ ನಿಂತರು. ಬಸವಣ್ಣೆಪ್ಪ ಬಗ್ಗಿ ಮೂಸಿ ನೋಡಿದರು. ಸುಟ್ಟ ವಾಸನೆ ಬಂದರೆ ಸುತ್ತಮುತ್ತಲಿನ ಊರುಗಳಲ್ಲೆಲ್ಲ ಮೊದಲು ತಿಳಿಯುವುದು ಆ ಮೂಗಿಗೆ.

"ಏನೂ ಇಲ್ಲ ತಂಗಿ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಎಲಿ ವಾಸನಿ ಅಷ್ಟ ಬರಾಕತ್ತೈತಿ."

ಅವಳು ಕೈ ತೆಗೆಯಲಿಲ್ಲ. ಸ್ಟೇಷನ್ನಿಗೆ ಸಾಕಾಗುವಷ್ಟು ಏರಿದ್ದೇ ತಡ, ಗನ್ ಕಳಚಿ, ಯಾರ ಕಡೆಯೂ ನೋಡದೆ ಹೊರಟುಹೋದಳು. ನಾನು ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ದಾರಿಯುದ್ದಕ್ಕೂ ಮುಂದೆ ಅವಳ ಗಾಡಿ, ಅದರಿಂದ ತೊಟ್ಟಿಕ್ಕುವ ನೀರು, ಆ ಖಾರದ ವಾಸನೆ. ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಆಗ ತಾನೇ ಬಂದು ನಿಲ್ಲುತ್ತಿತ್ತು. ಹಮಾಲರ ಜೊತೆ ನಾನೂ ಬುಟ್ಟಿ ಎತ್ತಿದೆ. ಕೊನೆಯ ಬುಟ್ಟಿ ಒಳಗೆ ಹೋಗಿ ರೈಲು ಕದಲಿದ ಮೇಲೆ ಮೆಹಬೂಬಿ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಬಾಯಿಗೆ ದುಪಟ್ಟಾ ಹಿಡಿದು ಅತ್ತಳು. ಆಮೇಲೆ ಅದೇ ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, "ಎಲಿ ಖಾರ ಕಣ್ಣಿಗೆ ಹತ್ತೇತ್ರಿ" ಎಂದಳು. ನಾನು ಹೌದು ಎಂದೆ.

ಸುದ್ದಿ ಹಬ್ಬಿತು, ಆದರೆ ಜನ ಅಷ್ಟು ಸಲೀಸಾಗಿ ಬದಲಾಗಲಿಲ್ಲ. ಚಹಾದಂಗಡಿಯಲ್ಲಿ ಕಂಡವರು ಬಂದರು, ಕಾಣದವರು ಬರಲಿಲ್ಲ. ಹತ್ತಿಮತ್ತೂರಿನಿಂದ ಬರುವವರು ಹೊಲದ ಬಲ್ಬು ನೋಡುವರು, ಒಂದೇ ಉರಿಯುತ್ತಿದ್ದರೆ ಹಾಗೇ ಮುಂದೆ ಹೋಗುವರು. ನಮ್ಮ ಯಂತ್ರದ ಮೈಮೇಲೆ ಒಂದು ಹಸಿರು ದೀಪ ಇತ್ತು, ಆದರೆ ಅದು ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು, ಯಾರು ನಂಬುತ್ತಾರೆ? ಇದನ್ನು ಹೇಳಿಕೊಂಡು ನಾನು ಬಸವಣ್ಣೆಪ್ಪನವರ ಅಂಗಡಿಯಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದಾಗ ಮೆಹಬೂಬಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಹೊಲದಾಗಿನ ಬಲ್ಬ್ ನೋಡ್ತಾರಂದ್ರ ಬಂಕಿಗೂ ಬಲ್ಬ್ ಹಾಕ್ರಿ ಕಾಕಾ" ಎಂದಳು.

ನಾನೂ ಬಸವಣ್ಣೆಪ್ಪನವರೂ ಮುಖ ಮುಖ ನೋಡಿಕೊಂಡೆವು. ಕಣ್ಣ ಮುಂದೆ ಇದ್ದದ್ದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರು ಅಂದೇ ಸಾಗವಾನಿ ಹಲಗೆಯೊಂದನ್ನು ಕೊರೆದು, ಹೊಲದ ಬಲ್ಬುಗಳಿಗಿಂತ ದೊಡ್ಡವು ಮೂರು ಹುಡುಕಿದರು. ಕೆಂಪು, ಹಳದಿ, ನೀಲಿ. ಗಣಪತಿ ಹಬ್ಬಕ್ಕೆಂದು ತಂದಿಟ್ಟುಕೊಂಡಿದ್ದ ಬಣ್ಣದ ಬಲ್ಬುಗಳು ಅವು. ಬೆಂಗಳೂರಿನವರನ್ನು ಕೇಳಿದ್ದರೆ ಯಂತ್ರಕ್ಕೆ ಹೀಗೆಲ್ಲ ಏನೂ ಕಟ್ಟಬಾರದು ಎನ್ನುತ್ತಿದ್ದರು, ಆದ್ದರಿಂದ ಕೇಳಲಿಲ್ಲ. ಯಂತ್ರವನ್ನು ಮುಟ್ಟದೆ, ಪಕ್ಕದ ನಮ್ಮದೇ ಕಂಬಕ್ಕೆ, ಅದೇ ಊರ ಲೈನಿನಿಂದ ಬೇರೆ ಸಂಪರ್ಕ ತೆಗೆದುಕೊಂಡು, ಮೂರು ಎಳೆಗೆ ಮೂರು ಬಲ್ಬು ಕಟ್ಟಿಸಿದೆ. ಬಸವಣ್ಣೆಪ್ಪ ಸ್ವಿಚ್ಚು ಹಾಕಿದರು. ಮಳೆಯ ಮಬ್ಬಿನಲ್ಲಿ ಮೂರೂ ಹತ್ತಿಕೊಂಡವು. ರಸ್ತೆಯ ತಿರುವಿನಿಂದಲೇ ಕಾಣುತ್ತಿದ್ದವು.

ಆ ಬಲ್ಬುಗಳು ಒಂದು ಮಾತೂ ಇಲ್ಲದೆ ಮಾಡಿದ ಕೆಲಸವನ್ನು ನನ್ನ ಬೋರ್ಡು, ನನ್ನ ಭಾಷಣ ಯಾವುದೂ ಮಾಡಿರಲಿಲ್ಲ. ಹತ್ತಿಮತ್ತೂರಿನಿಂದ ಬರುವವನು ತಿರುವಿನಲ್ಲಿ ತಲೆ ಎತ್ತುವನು. ಹೊಲದಲ್ಲಿ ಒಂದು, ಬಂಕಿನಲ್ಲಿ ಮೂರು. ಗಾಡಿಯ ವೇಗ ಇಳಿಯುವುದು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, ನಿಧಾನಕ್ಕೆ ಒಳಗೆ ಬರುವನು. ಮಧ್ಯಾಹ್ನ ಬರತೊಡಗಿದರು, ಸಂಜೆ ಬರತೊಡಗಿದರು. ಬೆಳಗಿನ ಜಗಳ ನಿಂತಿತು. ನಾಯಿ ಜಾಗ ಬದಲಿಸಿ ಚಹಾದಂಗಡಿಯ ಬೆಂಚಿನ ಕೆಳಗೆ ಹೋಯಿತು. ಪಾಳಿಯ ಕಾಟ ತಪ್ಪಿದ್ದರಿಂದ ಮೆಹಬೂಬಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತೋಟ ಮುಟ್ಟುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಫೋನು ಬಂತು. ಸವಣೂರಿನಲ್ಲಿ ಏನು ಮಾಡಿದಿರಿ ಎಂದು ಕೇಳಿದರು. ಮೂರು ಬಲ್ಬು ಹಾಕಿಸಿದೆ ಎಂದೆ. ಏನು ಹಾಕಿಸಿದಿರಿ ಎಂದು ಮತ್ತೊಮ್ಮೆ ಕೇಳಿದರು. ಲಾರಿಯ ವಿಷಯ ಅಲ್ಲಿಗೆ ಮುಗಿಯಿತು. ಶಿವಲೀಲಾ ಕಟ್ಟಿಕೊಟ್ಟ ರೊಟ್ಟಿ, ಮೆಹಬೂಬಿ ಸುತ್ತಿಕೊಟ್ಟ ಎಲೆಯ ಪೆಂಡಿ ಹಿಡಿದುಕೊಂಡು ಮುಂದಿನ ಬೇಸಿಗೆಗೆ ನಾನು ವರ್ಗವಾಗಿ ಹೋದೆ.

ಕಳೆದ ತಿಂಗಳು ಆ ಜಿಟಿಜಿಟಿ ಮಳೆಯಲ್ಲಿ ಕಾರಿನಿಂದ ಇಳಿದು ನೋಡಿದೆ. ಒಂದೇ ಯಂತ್ರ ಇದ್ದಲ್ಲಿ ಈಗ ಸಾಲು ಯಂತ್ರಗಳು, ಮೇಲೆ ತಗಡಿನ ಮಾಡು. ಹುಬ್ಬಳ್ಳಿ ಕಡೆಯ ಕಾರು, ಶಾಲೆಯ ವ್ಯಾನು, ಹಾಲಿನ ಗಾಡಿ, ಎಲ್ಲವೂ ಇದ್ದವು. ಚಾರ್ಜಿಗೆ ಹಚ್ಚಿ ಹೆಂಗಸರು ಬೆಂಚಿನ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬರುವ ದಾರಿಯಲ್ಲಿ ಶಿಗ್ಗಾಂವಿಯಲ್ಲೂ ನೋಡಿಕೊಂಡೇ ಬಂದಿದ್ದೆ. ಆಮೇಲೆ ಮದುವೆಗೆ ಹೋಗುವಾಗ ಹಾನಗಲ್ಲಿನಲ್ಲಿ, ಚಿಕ್ಕೇರೂರಿನಲ್ಲೂ ಕಂಡೆ. ಯಾರು ಹೇಳಿದರೋ, ಯಾರು ನೋಡಿ ಕಲಿತರೋ, ಯಂತ್ರ ಯಾರದೇ ಇರಲಿ, ಪಕ್ಕದ ಕಂಬಕ್ಕೆ ಮೂರು ಬಲ್ಬು. ಈ ಜನರನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಹೊಸದನ್ನು ಮನೆಗೆ ತಂದರು, ಆದರೆ ಅದನ್ನು ತಮ್ಮ ಹೊಲದ ಪದ್ಧತಿಗೆ ಒಗ್ಗಿಸಿಕೊಂಡೇ ತಂದರು.

"ಪುಸ್ತಕ ಓದಿದಂಗ ಬೈಯೂವ್ರು ಬಂದ್ರಲ್ರಿ!" ಎಂದು ಹಿಂದಿನಿಂದ ಕೂಗು. ಮೆಹಬೂಬಿ. ಕೂದಲು ನೆರೆತಿದೆ. ಗಾಡಿ ಈಗ ಎರಡು, ಒಂದನ್ನು ಅವಳ ಸೊಸೆ ಓಡಿಸುತ್ತಾಳೆ. ನನ್ನ ಎರಡೂ ಕೈ ಹಿಡಿದು ಬಿಡಲೇ ಇಲ್ಲ. ಮಾತಾಡುತ್ತಲೇ ಮೇಲೆ ಬಲ್ಬುಗಳ ಕಡೆ ನೋಡಿದಳು, ನಾನೂ ನೋಡಿದೆ. ಕೆಂಪು ಇತ್ತು, ನೀಲಿ ಇತ್ತು. ಹಳದಿ ಹೋಗಿತ್ತು.

"ಮುಂಜಾನಿ ಹೋಗೇತ್ರಿ" ಎಂದು ತನ್ನ ಗಾಡಿಯ ಸೀಟಿನ ಕೆಳಗೆ ಕೈಹಾಕಿ ಒಂದು ಗೋಣಿತಟ್ಟಿನ ಗಂಟು ತೆಗೆದಳು. ಪಾನಾ, ಸ್ಕ್ರೂಡ್ರೈವರುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಒಂದು ಹಳದಿ ಬಲ್ಬು. ಯಾವಾಗಲೂ ಒಂದನ್ನು ಇಟ್ಟುಕೊಂಡೇ ಓಡಾಡುತ್ತಾಳಂತೆ.

"ಈಗ ಎಲ್ಲರಿಗೂ ಗೊತ್ತಲ್ಲ ಆಪಾ, ಸುಡಲ್ಲ ಅಂತ. ಇನ್ನೂ ಯಾಕಿದು?"

ಅವಳು ರಸ್ತೆಯಾಚೆ ಗದ್ದ ಚಾಚಿ ತೋರಿಸಿದಳು. ಚಹಾದಂಗಡಿಯ ತಗಡಿನ ಕೆಳಗೆ ಬಸವಣ್ಣೆಪ್ಪ, ಈಗ ಸಾಕಷ್ಟು ಬಾಗಿದ್ದಾರೆ, ಹೊಸ ಬ್ಯಾಟರಿ ಸ್ಕೂಟರಿನ ಮೇಲೆ ಕೂತು ನಮ್ಮ ಕಡೆಯೇ ನೋಡುತ್ತಿದ್ದರು. "ಕಾಕಾ ಮುಂಜಾನಿಂದ ಅಲ್ಲೇ ಕುಂತಾನ್ರಿ. ಆಂವಗ ಗೊತ್ತಿಲ್ಲೇನು? ಮೂರೂ ಹತ್ತೂತನಾ ಬರೂದಿಲ್ಲ ಅಂತಾನ."

ಅವಳು ಸ್ವಿಚ್ಚು ತೆಗೆದು ಸ್ಟೂಲು ಹತ್ತಿದಳು. ನಾನು ಹಿಡಿದುಕೊಂಡೆ. ಕೈಯಲ್ಲಿ ಎಲೆಯ ವಾಸನೆ, ಒದ್ದೆ ಗೋಣಿಯ ವಾಸನೆ. ಬಲ್ಬು ತಿರುಗಿಸಿ ಕೂರಿಸಿ ಇಳಿದು ಮತ್ತೆ ಸ್ವಿಚ್ಚು ಹಾಕಿದಳು. ಹಳದಿ ಹತ್ತಿಕೊಂಡಿತು.

ರಸ್ತೆಯಾಚೆ ಬಸವಣ್ಣೆಪ್ಪ ಹಣೆಗೆ ಕೈ ಅಡ್ಡ ಹಿಡಿದು ಮೂರನ್ನೂ ಒಂದೊಂದಾಗಿ ನೋಡಿದರು. ಚಹಾದ ಬಸಿ ಬೆಂಚಿನ ಮೇಲಿಟ್ಟರು. ಆಮೇಲೆ ಸ್ಕೂಟರ್ ತಿರುಗಿಸಿಕೊಂಡು ನಮ್ಮ ಕಡೆ ಬಂದರು.